ಪಡೀಲಿನ ಹಟ್ಟಿ, ಎರಡು ಕೋಣ ಮತ್ತು ಇಪ್ಪತ್ತು ಸೆಂಟ್ಸ್

ಪಡೀಲ್ ಜಂಕ್ಷನ್ನಿನಲ್ಲಿ ಬಸ್ಸಿನಿಂದ ಇಳಿದರೆ ರಿಕ್ಷಾದವರು ಕೇಳುವುದು ಎರಡೇ ಪ್ರಶ್ನೆ. "ಅಕ್ಕ, ರೈಲ್ವೇ ಸ್ಟೇಶನ್ನಿಗಾ, ಡೀಸಿ ಆಫೀಸಿಗಾ?" ಮೊನ್ನೆ ನವೆಂಬರಿನಲ್ಲಿ ಪುತ್ತೂರಿನಿಂದ ಬಂದು ಇಳಿದಾಗಲೂ ಅದೇ ಕೇಳಿದರು. ನಾನು ಎರಡೂ ಅಲ್ಲ ಅಂದೆ. "ಮತ್ತೆಲ್ಲಿಗೆ?" ಅಂದರು. "ಹಟ್ಟಿಗೆ" ಅಂದೆ. ರಿಕ್ಷಾದವರು ನಕ್ಕರು. ನಾನು ತಮಾಷೆ ಮಾಡಿದ್ದಲ್ಲ, ನಿಜಕ್ಕೂ ನಾನು ಹೊರಟದ್ದು ನನ್ನ ಸೋದರಮಾವನ ಕೋಣದ ಹಟ್ಟಿಗೇ.

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ನೀವು ಕೊಟ್ಟಿಗೆ ಅನ್ನುವುದನ್ನು ನಾವು ಕರಾವಳಿಯವರು ಹಟ್ಟಿ ಅನ್ನುತ್ತೇವೆ. ಕೋಣ ಅಂದರೆ ಕಂಬಳದ ಕೋಣ. ಹಾಲು ಕೊಡುವುದಿಲ್ಲ, ಈಗ ಹೆಚ್ಚಿನ ಕಡೆ ಉಳುವುದೂ ಇಲ್ಲ. ವರ್ಷಕ್ಕೆ ನಾಲ್ಕೈದು ತಿಂಗಳು ಕೆಸರುಗದ್ದೆಯಲ್ಲಿ ಓಡುತ್ತದೆ, ಉಳಿದ ತಿಂಗಳು ಓಡುವುದಕ್ಕೆ ತಯಾರಾಗುತ್ತದೆ.

ಪಡೀಲಿಗೆ ಬರುವ ದಾರಿ ನನಗೆ ಸಣ್ಣಂದಿನಿಂದಲೂ ಬಾಯಿಪಾಠ. ಪಂಪ್‌ವೆಲ್ ದಾಟಿದರೆ ನಾಗುರಿ, ನಾಗುರಿ ದಾಟಿದರೆ ಗರೋಡಿ, ಆಮೇಲೆ ಇಳಿಜಾರು, ಆಮೇಲೆ ಪಡೀಲ್. ಎಡಕ್ಕೆ ತಿರುಗಿದರೆ ಮರೋಳಿ, ಬಿಕರ್ನಕಟ್ಟೆ ಆಗಿ ನಂತೂರು. ನೇರ ಹೋದರೆ ಕಣ್ಣೂರು, ಅಡ್ಯಾರ್, ಬಿ.ಸಿ.ರೋಡು, ಕೊನೆಗೆ ಬೆಂಗಳೂರು. ಬಲಕ್ಕೆ ಬಜಾಲ್, ಅದರಾಚೆ ನೇತ್ರಾವತಿ. ನಮ್ಮ ಅಜ್ಜಿಯ ಕಾಲಕ್ಕೆ ಇಲ್ಲಿನ ರೈಲು ನಿಲ್ದಾಣ ಕಂಕನಾಡಿ ಸ್ಟೇಶನ್. ಈಗ ಅದಕ್ಕೆ ಮಂಗಳೂರು ಜಂಕ್ಷನ್ ಅಂತ ಹೆಸರು. ಮುಂಬಯಿಯಿಂದ, ಬೆಂಗಳೂರಿನಿಂದ ಬಂದವರು ಇಲ್ಲಿ ಇಳಿದು "ಮಂಗಳೂರು ಇದೇನಾ?" ಅಂತ ಗುಡ್ಡ ನೋಡುತ್ತಾ ನಿಲ್ಲುವುದುಂಟು.

ಗರೋಡಿ ದಾಟುವಾಗ ಬಸ್ಸಿನಲ್ಲೇ ಕೈ ಮುಗಿಯುವುದು ನಮ್ಮ ಮನೆಯ ಅಭ್ಯಾಸ. ಕೋಟಿ ಚೆನ್ನಯರ ಸ್ಥಾನ ಅದು. ಗರೋಡಿಗಳಲ್ಲಿ ಬೆರ್ಮೆರ್ ಇರುವುದು ಕುದುರೆ ಏರಿದ ರೂಪದಲ್ಲಿ. ಸಣ್ಣವಳಿದ್ದಾಗ ನಾನು ಅಜ್ಜಿಯ ಹತ್ತಿರ ಕೇಳಿದ್ದೆ, "ದೇವರಿಗೆ ಕುದುರೆ ಉಂಟು, ನಮಗೆ ಯಾಕೆ ಇಲ್ಲ?" ಅಜ್ಜಿ ಅಕ್ಕಿ ಗೇರುತ್ತಾ, "ಕುದುರೆ ಇದ್ದವನು ದೇವರು, ಅರಸು. ಕೋಣ ಇದ್ದವನು ಒಕ್ಕಲು. ನಾವು ಒಕ್ಕಲು" ಅಂದಿದ್ದರು. ಆಗ ಅರ್ಥ ಆಗಿರಲಿಲ್ಲ.

ಊರಿನ ಹೆಸರಿನದ್ದೂ ಒಂದು ಕಥೆ. ತುಳುವಿನಲ್ಲಿ ಪಡೀಲ್ ಅಂದರೆ ಹಡಿಲು, ಬೇಸಾಯ ಮಾಡದೆ ಬಿಟ್ಟ ಭೂಮಿ. ಹಡಿಲು ಬಿದ್ದ ಗದ್ದೆ ಅಂದರೆ ನಮ್ಮ ಕಡೆ ಅದು ಮನೆತನಕ್ಕೇ ಒಂದು ಅವಮಾನ. ಈ ಹೆಸರಿನ ಊರಿಗೇ ಈಗ ಜಿಲ್ಲೆಯ ಎಲ್ಲ ಭೂಮಿಯ ಲೆಕ್ಕ ಬಂದು ಕೂತಿದೆ. 2025ರ ಮೇ ತಿಂಗಳಲ್ಲಿ ಹೊಸ ಜಿಲ್ಲಾಧಿಕಾರಿ ಕಚೇರಿ 'ಪ್ರಜಾಸೌಧ' ಇಲ್ಲಿ ಉದ್ಘಾಟನೆ ಆಯಿತು. ಮೊದಲು ಡೀಸಿ ಆಫೀಸು ಅಂದರೆ ಸ್ಟೇಟ್‌ಬ್ಯಾಂಕ್. ಕೆಲಸ ಮುಗಿಸಿ ಮೀನು ಮಾರ್ಕೆಟ್ಟಿಗೆ ಹೋಗಿ ಬಂಗುಡೆ ತಗೊಂಡು ಬರಬಹುದಿತ್ತು. ಈಗ ಬೆಳ್ತಂಗಡಿಯವರು, ಸುಳ್ಯದವರು, ಪುತ್ತೂರಿನವರು ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ ಹಿಡಿದುಕೊಂಡು ಪಡೀಲಿನಲ್ಲೇ ಇಳಿಯುತ್ತಾರೆ.

ನನ್ನ ಚೀಲದಲ್ಲೂ ಒಂದು ಪ್ಲಾಸ್ಟಿಕ್ ಕವರು ಇತ್ತು. ಅದರಲ್ಲಿ ನಾನು ಸಹಿ ಹಾಕಬೇಕಾದ ಒಂದು ಕಾಗದ.

ವಿಷಯ ಹೀಗೆ. ಹೈವೇಯಿಂದ ಕೆಳಗೆ ಇಳಿದು ಹೋದರೆ ನಮ್ಮ ತಾಯಿಮನೆಯ ಬೈಲು. ಒಟ್ಟು 72 ಸೆಂಟ್ಸ್ ಗದ್ದೆ. 1974ರ ಭೂಸುಧಾರಣೆ ಕಾಯ್ದೆ ಬಂದಾಗ ಅಜ್ಜ ಡಿಕ್ಲರೇಶನ್ ಕೊಟ್ಟು ಪಡೆದದ್ದು. ಉಳುವವನೇ ಹೊಲದ ಒಡೆಯ ಅನ್ನುವ ಮಾತನ್ನು ಮಾವ ಯಾವಾಗಲೂ ಸ್ವಲ್ಪ ತಿದ್ದಿ ಹೇಳುತ್ತಾರೆ. "ಉತ್ತದ್ದು ಅಪ್ಪ ಅಲ್ಲ ಮಾರಾಯ್ತಿ, ಕೋಣ. ಅಪ್ಪ ಹಿಂದಿನಿಂದ ಹೋದದ್ದು ಮಾತ್ರ." ಅಜ್ಜನ ನಂತರ ಅರ್ಧ ಮಾವನ ಹೆಸರಿಗೆ, ಅರ್ಧ ನನ್ನ ಅಮ್ಮನ ಹೆಸರಿಗೆ ಆಯಿತು. ಅಮ್ಮ ತೀರಿಕೊಂಡ ಮೇಲೆ ಅವರ 36 ಸೆಂಟ್ಸಿಗೆ ನಾನು ಮತ್ತು ಬೆಂಗಳೂರಿನಲ್ಲಿರುವ ನನ್ನ ತಮ್ಮ. ಪೋಡಿ ಆಗಿಲ್ಲ. ಪಹಣಿಯಲ್ಲಿ ಮೂವರ ಹೆಸರೂ ಒಟ್ಟಿಗೆ ಉಂಟು.

ಸುತ್ತ ಎಲ್ಲ ಕನ್ವರ್ಶನ್ ಆಗಿದೆ. ಮೂಡಬದಿಯಲ್ಲಿ ಲೇಔಟ್, ಪಡುಬದಿಯಲ್ಲಿ ಫ್ಲ್ಯಾಟು. ನಮ್ಮದು ಮಾತ್ರ ನಡುವೆ ಹಸಿರು ಚೌಕ. ತಮ್ಮ ಒಬ್ಬ ಬಿಲ್ಡರ್ ಹತ್ತಿರ ಮಾತಾಡಿದ್ದ. ಇಡೀ 72 ಸೆಂಟ್ಸನ್ನೂ ವಾಸದ ಉದ್ದೇಶಕ್ಕೆ ಕನ್ವರ್ಶನ್ ಮಾಡಿಸುವುದು, ಸೈಟು ಮಾಡಿ ಮಾರುವುದು. ಮಾವ ಬಹಳ ಯೋಚನೆ ಮಾಡಿ ಒಪ್ಪಿದ್ದರು. ಅವರಿಗೆ ಅರುವತ್ತೆಂಟು ವರ್ಷ. ಅತ್ತೆಯ ಮೊಣಕಾಲಿನ ಆಪರೇಶನ್ ಆಗಬೇಕು. ಮಕ್ಕಳಿಲ್ಲ. ಅವರು ಕೇಳಿದ್ದು ಒಂದೇ. "ಹತ್ತು ಸೆಂಟ್ಸ್ ಬಿಡಿ. ಹಟ್ಟಿ ಹೊಸತಾಗಿ ಕಟ್ಟಬೇಕು."

ಹಳೆಯ ಹಟ್ಟಿ ಆ ಜುಲೈ ಮಳೆಗೆ ಬಿದ್ದಿತ್ತು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಒಂದು ಬದಿಯ ಗೋಡೆ ನೀರು ಕುಡಿದು ಕುಸಿಯಿತು. ರಾತ್ರಿ ಎರಡು ಗಂಟೆಗೆ ಮಾವ ಇಬ್ಬರು ಹುಡುಗರ ಸಹಾಯದಿಂದ ಕೋಣಗಳನ್ನು ಹೊರಗೆ ತಂದು ಮನೆಯ ಜಗಲಿಯ ಹತ್ತಿರ ಕಟ್ಟಿದರಂತೆ. ಕೋಣಕ್ಕೆ ಏನೂ ಆಗಲಿಲ್ಲ. ಮಾವನ ಹೆಬ್ಬೆರಳಿನ ಮೇಲೆ ಕಲ್ಲು ಬಿತ್ತು.

ನಾನು ಹೋದಾಗ ಹಟ್ಟಿಯ ಮೂರು ಗೋಡೆ ಇತ್ತು, ನಾಲ್ಕನೆಯದ್ದರ ಜಾಗದಲ್ಲಿ ನೀಲಿ ಟರ್ಪಾಲು. ಒಳಗೆ ಕಾಟಿ ಮತ್ತು ಕುಟ್ಟಿ. ಮೇಲೆ ಒಂದು ಫ್ಯಾನು ತಿರುಗುತ್ತಿತ್ತು, ನೆಲಕ್ಕೆ ರಬ್ಬರ್ ಹಾಸು. ಮೈಗೆ ಎಣ್ಣೆ ತಿಕ್ಕಿ ಕಪ್ಪು ಕಲ್ಲಿನ ಹಾಗೆ ಮಿನುಗುತ್ತಿದ್ದವು. ಅತ್ತೆ ದೊಡ್ಡ ಹಂಡೆಯಲ್ಲಿ ಹುರುಳಿ ಬೇಯಿಸುತ್ತಿದ್ದರು. ಇಂಗ್ಲಿಷಿನವರು ಹುರುಳಿಗೆ ಕುದುರೆಯ ಹೆಸರು ಇಟ್ಟಿದ್ದಾರೆ. ನಮ್ಮ ಮನೆಯಲ್ಲಿ ಅದು ಕೋಣದ್ದು. ಉಳಿದರೆ ಸಾರಿಗೆ.

"ಬಾ ಮಗಾ, ಕಾಲು ತೊಳಿ" ಅಂದರು ಮಾವ. ಆಮೇಲೆ, "ಪೆನ್ನು ತಂದಿದ್ದೀಯಾ?"

ಪೆನ್ನು ತಂದಿದ್ದೆ. ಆದರೆ ಅರ್ಜಿ ಬರೆಯುವ ಮೊದಲು ಒಬ್ಬರು ಎಂಜಿನಿಯರ್ ಬಂದು ಜಾಗ ನೋಡುವವರಿದ್ದರು. ಮಾವನ ಕಂಬಳದ ಗೆಳೆಯರ ಮಗ. ಈ ಕಾಗದಪತ್ರದ ಕೆಲಸದಲ್ಲೇ ಹದಿನೈದು ವರ್ಷ ಆದವರು. ಅವರು ಬಂದು, ಟರ್ಪಾಲು ಸರಿಸಿ ನೋಡಿ, ಟೇಪು ಹಿಡಿದು ಅಳೆದು, ಚಾ ಕುಡಿಯುತ್ತಾ ಹೇಳಿದ ಮಾತಿನಿಂದ ನಮ್ಮ ಲೆಕ್ಕವೆಲ್ಲ ತಲೆಕೆಳಗಾಯಿತು. ಗದ್ದೆ, ತೋಟ, ದನ, ಕೋಣ ಇರುವ ಯಾರಿಗಾದರೂ ಉಪಯೋಗ ಆಗಬಹುದು ಅಂತ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಮೊದಲು ಕೇಳಿದ್ದು, "ಅಣ್ಣ, ಹಟ್ಟಿಗೆ ಪರ್ಮಿಶನ್ ಯಾವ ಲೆಕ್ಕದಲ್ಲಿ ಕೇಳುವುದು?"

"ಎಂತ ಲೆಕ್ಕ? ಹಟ್ಟಿಗೆ ಹಟ್ಟಿಯ ಲೆಕ್ಕ" ಅಂದರು ಮಾವ.

"ಹಾಗಲ್ಲ. ಕೃಷಿ ಭೂಮಿಯಲ್ಲಿ ಕೃಷಿಗೆ ಬೇಕಾದ ಕಟ್ಟಡ ಕಟ್ಟುವುದಕ್ಕೆ ಕನ್ವರ್ಶನ್ ಬೇಡ. ಅದು ಕೃಷಿಕನ ಹಕ್ಕು. ಆದರೆ ನೀವು ಇಡೀ ಜಾಗವನ್ನು ವಾಸಕ್ಕೆ ಅಂತ ಬದಲಾಯಿಸಿದರೆ ಅಲ್ಲಿ ಕೃಷಿ ಭೂಮಿಯೇ ಇಲ್ಲ. ಮತ್ತೆ ಹಟ್ಟಿ ಎಂತದ್ದು? ಮನೆಗಳ ನಡುವೆ ಒಂದು ಶೆಡ್ಡು. ಪಕ್ಕದ ಮನೆಯವರು ಒಂದು ಅರ್ಜಿ ಕೊಟ್ಟರೆ ಮುಗಿಯಿತು."

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಬಗ್ಗೆ ಅವರು ಹೇಳಿದರು. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು ಅನ್ನುವುದು ನಮಗೆಲ್ಲ ಗೊತ್ತಿರುವ ಭಾಗ. ಅದೇ ಕಲಮಿನ ಮೊದಲಲ್ಲೇ, ಬೇಸಾಯಕ್ಕೆ ಅನುಕೂಲವಾಗುವ ಕಟ್ಟಡ, ಬಾವಿ, ಕೆರೆಗಳನ್ನು ಕೃಷಿಕ ಮಾಡಿಕೊಳ್ಳಬಹುದು ಅಂತಲೂ ಉಂಟು. ಅದನ್ನು ಓದುವವರು ಕಡಿಮೆ. ಆದರೆ ಅದಕ್ಕೆ ಮಿತಿ ಇದೆ. ಇಂಥ ಕಟ್ಟಡ ಹಿಡುವಳಿಯ ಶೇ. 10 ಮೀರಬಾರದು, ಅದಕ್ಕೂ ಮೇಲೆ ನಿಯಮದಲ್ಲಿ ಹೇಳಿದ ಗರಿಷ್ಠ ಮಿತಿ ಇರುತ್ತದೆ. ಫಾರ್ಮ್‌ಹೌಸ್ ಕಟ್ಟಿದರೆ ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕೆ ಬಾಡಿಗೆ ಕೊಡುವ ಹಾಗಿಲ್ಲ. ಮತ್ತೆ, ಕಟ್ಟಡಗಳ ಬಗ್ಗೆ ಇರುವ ಬೇರೆ ಕಾನೂನಿಗೆ ಒಳಪಟ್ಟೇ ಈ ಹಕ್ಕು. ಅಂದರೆ ಪಡೀಲ್ ಮಹಾನಗರಪಾಲಿಕೆಯ ಒಳಗೆ ಇರುವುದರಿಂದ ಪಾಲಿಕೆಯ ಕಟ್ಟಡ ಪರವಾನಗಿ ತಪ್ಪುವುದಿಲ್ಲ. ಮಾಸ್ಟರ್ ಪ್ಲ್ಯಾನಿನಲ್ಲಿ ಆ ಜಾಗ ಯಾವ ವಲಯಕ್ಕೆ ಬರುತ್ತದೆ ಅಂತ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ನೋಡಿಕೊಳ್ಳಬೇಕು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಅಂದರೆ ಹತ್ತು ಸೆಂಟ್ಸ್ ಕನ್ವರ್ಶನ್ ಮಾಡದೆ ಬಿಟ್ಟರೆ ಆಯಿತಲ್ಲ?"

ಎಂಜಿನಿಯರ್ ನನ್ನ ಕವರಿನ ಹಿಂದೆಯೇ ಲೆಕ್ಕ ಹಾಕಿದರು. ಒಂದು ಸೆಂಟ್ಸ್ ಅಂದರೆ ಸುಮಾರು 435 ಚದರಡಿ. ಹತ್ತು ಸೆಂಟ್ಸಿನ ಶೇ. 10 ಅಂದರೆ ಒಂದೇ ಸೆಂಟ್ಸ್, ಆ 435 ಚದರಡಿ. ಮಾವನಿಗೆ ಬೇಕಾದ ಹಟ್ಟಿ 20 ಅಡಿ ಅಗಲ, 36 ಅಡಿ ಉದ್ದ. ಎರಡು ಕೋಣಕ್ಕೆ ಪ್ರತ್ಯೇಕ ಜಾಗ, ಹುಲ್ಲು ಇಡಲು ಒಂದು ಮೂಲೆ, ಹುಡುಗರು ಮಲಗಲು ಒಂದು ಮೂಲೆ. ಒಟ್ಟು 720 ಚದರಡಿ. ಅದು ಶೇ. 10ರ ಒಳಗೆ ಬರಬೇಕಾದರೆ ಕನಿಷ್ಠ ಹದಿನೇಳು ಸೆಂಟ್ಸ್ ಕೃಷಿ ಭೂಮಿಯಾಗಿಯೇ ಉಳಿಯಬೇಕು. "ಸರ್ವೆಯಲ್ಲಿ ಆಚೀಚೆ ಆದರೂ ತೊಂದರೆ ಆಗಬಾರದು. ಇಪ್ಪತ್ತು ಇಟ್ಟುಕೊಳ್ಳಿ" ಅಂದರು. ಮಾವನ ಮನೆಯ ಅಡಿಸ್ಥಳ ಬೇರೆ ಖಾತೆಯಲ್ಲಿ ಇರುವುದರಿಂದ ಅದು ಈ ಲೆಕ್ಕಕ್ಕೆ ಬರುವುದಿಲ್ಲ, ಅದೊಂದು ಪುಣ್ಯ.

ಹತ್ತು ಸೆಂಟ್ಸ್ ಇದ್ದದ್ದು ಇಪ್ಪತ್ತಾಯಿತು. ಪಡೀಲಿನಲ್ಲಿ ಈಗ ಹತ್ತು ಸೆಂಟ್ಸ್ ಅಂದರೆ ಎಷ್ಟು ಅಂತ ಮಂಗಳೂರಿನವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ತೊಡಕು. "ಬೇಸಾಯ ಉಂಟಾ?" ಅಂತ ಕೇಳಿದರು ಅವರು. ಉಂಟು. ಏಣೇಲು ಒಂದು ಬೆಳೆ ಮಾವ ಬಿಟ್ಟಿಲ್ಲ. ಸುಗ್ಗಿ ಬಿಟ್ಟು ಎಷ್ಟೋ ವರ್ಷ ಆಯಿತು, ಕೊಳಕೆಯ ಸುದ್ದಿಯೇ ಇಲ್ಲ. ಉಳುವುದು ಟಿಲ್ಲರಿನಲ್ಲಿ. ಹಟ್ಟಿಗೊಬ್ಬರ ಪೂರ್ತಿ ಗದ್ದೆಗೆ. "ಹಾಗಾದರೆ ಧೈರ್ಯವಾಗಿ ಕೇಳಬಹುದು. ಭೂಸುಧಾರಣೆ ಕಾಯ್ದೆಯಲ್ಲಿ ಕೃಷಿ ಅಂದರೆ ಬೆಳೆ ಮಾತ್ರ ಅಲ್ಲ. ಹೈನುಗಾರಿಕೆ, ಕೋಳಿ, ಜಾನುವಾರು ತಳಿ ಬೆಳೆಸುವುದು, ಮೇಯಿಸುವುದು, ಎಲ್ಲ ಬರುತ್ತದೆ. ಆದರೆ ಗದ್ದೆ ಇಲ್ಲದೆ ಬರೀ ಓಟದ ಕೋಣ ಅಂತಾದರೆ ಪ್ರಶ್ನೆ ಬರುತ್ತದೆ. ಓಟ ಕೃಷಿಯಾ? ಯಾರಾದರೂ ಕೇಳಿಯೇ ಕೇಳುತ್ತಾರೆ."

ಮಾವನಿಗೆ ಸಿಟ್ಟು ಬಂತು. "ಓಟಕ್ಕೆ ಸುಪ್ರೀಂ ಕೋರ್ಟೇ ಒಪ್ಪಿದೆ!"

ಅದು ಸರಿ. 2014ರ ಮೇ ತಿಂಗಳಲ್ಲಿ ಜಲ್ಲಿಕಟ್ಟಿನ ತೀರ್ಪು ಬಂದ ಮೇಲೆ ಕಂಬಳದ ಮೇಲೂ ಕತ್ತಿ ತೂಗಿತು. 2016ರ ಕೊನೆಗೆ ಹೈಕೋರ್ಟಿನ ತಡೆ ಬಂತು. 2017ರಲ್ಲಿ ಜನ ಬೀದಿಗೆ ಇಳಿದರು. ನಾನೂ ಅತ್ತೆಯೂ ಹಂಪನಕಟ್ಟೆಯಲ್ಲಿ ಬಿಸಿಲಲ್ಲಿ ನಿಂತದ್ದು ನೆನಪಿದೆ. ಆ ವರ್ಷವೇ ಸುಗ್ರೀವಾಜ್ಞೆ, ಆಮೇಲೆ ರಾಷ್ಟ್ರಪತಿಗಳ ಅಂಕಿತ ಪಡೆದು ತಿದ್ದುಪಡಿ ಕಾಯ್ದೆ ಬಂತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ಆಯಿತು, ಲಾರಿಯಲ್ಲಿ ಕೋಣಗಳು ಶಿರಾಡಿ ಘಾಟಿ ಹತ್ತಿದವು. ತಮ್ಮನೂ ಆಫೀಸಿನವರನ್ನೆಲ್ಲ ಕರೆದುಕೊಂಡು ಹೋಗಿ, "ನಮ್ಮ ಮಾವನ ಹತ್ತಿರವೂ ಉಂಟು" ಅಂತ ಎದೆಯುಬ್ಬಿಸಿ ಹೇಳಿದ್ದ.

ಆದರೆ ಟರ್ಪಾಲಿನ ಕೆಳಗೆ ನಿಂತು ನನಗೆ ಅನ್ನಿಸಿದ್ದು ಬೇರೆ. ಕೋಣ ಓಡಬಹುದೋ ಬಾರದೋ ಅಂತ ಇಡೀ ನಾಡು ಒಂಬತ್ತು ವರ್ಷ ಚರ್ಚೆ ಮಾಡಿತು. ಓಡುವುದು ಎರಡು ದಿನ. ಉಳಿದ ದಿನ ಅದು ಎಲ್ಲಿ ಮಲಗಬೇಕು ಅಂತ ಯಾರೂ ಕೇಳಲಿಲ್ಲ. ಕದ್ರಿ ಕಂಬಳ ಅಂದರೆ ಇವತ್ತು ಹೆಚ್ಚಿನವರಿಗೆ ಒಂದು ರಸ್ತೆ. ಮಂಗಳೂರಿನ ಸುತ್ತ ಕಂಬಳಕ್ಕೆ ಬ್ಯಾನರು ಕಟ್ಟುವ ಜಾಗ ಬೇಕಾದಷ್ಟು ಉಂಟು. ಹಟ್ಟಿ ಕಟ್ಟುವ ಜಾಗ ಕಡಿಮೆಯಾಗುತ್ತಾ ಬಂತು.

ಇದು ನಮ್ಮೂರಿನ ಗೋಳು ಮಾತ್ರ ಅಂತ ತಿಳಿದಿದ್ದೆ. ಆ ರಾತ್ರಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಇರುವ ನನ್ನ ದೊಡ್ಡಪ್ಪನ ಮಗಳಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅವಳು ಜೋರಾಗಿ ನಕ್ಕಳು. "ಅಯ್ಯೋ, ಇಲ್ಲಿ ಕುದುರೆಯದ್ದೂ ಇದೇ ಕಥೆ!" ಅವಳ ಪಕ್ಕದ ಮನೆಯವರಿಗೆ ಎರಡು ಕುದುರೆ. ಮಗಳ ಸವಾರಿಗೆ. ಸ್ವಂತ ಹುಲ್ಲುಗಾವಲು ಇದೆ, ಅದರ ಮೂಲೆಯಲ್ಲಿ ಒಂದು ಲಾಯ ಕಟ್ಟುವುದಕ್ಕೆ ಕೌನ್ಸಿಲಿನ ಅನುಮತಿ ಬೇಕು. ಅಲ್ಲಿ 1947ರಿಂದ ಯಾವ ಜಾಗದಲ್ಲಿ ಏನು ಕಟ್ಟಬೇಕಾದರೂ ಯೋಜನಾ ಅನುಮತಿಯ ಕಾನೂನು ಬಿಗಿ. ಬೇಸಾಯಕ್ಕೆ ಒಂದಷ್ಟು ವಿನಾಯಿತಿ ಉಂಟು. ಆದರೆ ಅವರ ಕಾನೂನಿನಲ್ಲಿ ಕೃಷಿಯ ಪ್ರಾಣಿ ಅಂದರೆ ಆಹಾರಕ್ಕೆ, ಉಣ್ಣೆಗೆ, ಚರ್ಮಕ್ಕೆ ಅಥವಾ ಹೊಲದ ಕೆಲಸಕ್ಕೆ ಸಾಕುವ ಪ್ರಾಣಿ. ಸವಾರಿಯ ಕುದುರೆ ಅದರಲ್ಲಿ ಬರುವುದಿಲ್ಲ. ಗದ್ದೆಯಲ್ಲಿ ಹುಲ್ಲು ಮೇಯಲು ಬಿಟ್ಟರೆ ಅದು ಕೃಷಿ. ಅದೇ ಕುದುರೆಗೆ ಲಾಯ ಕಟ್ಟಿ, ಮೇವು ತಂದು ಹಾಕಿ, ಸವಾರಿಗೆ ಇಟ್ಟುಕೊಂಡರೆ ಕೃಷಿ ಅಲ್ಲ.

"ಆಮೇಲೆ ಸಿಕ್ಕಿತಾ ಪರ್ಮಿಶನ್?" ಕೇಳಿದೆ.

"ಸಿಕ್ಕಿತು. ಷರತ್ತು ಹಾಕಿ. ಸ್ವಂತಕ್ಕೆ ಮಾತ್ರ, ಬಾಡಿಗೆಗೆ ಕೊಡಬಾರದು. ಗೊಬ್ಬರದ ರಾಶಿ ಎಲ್ಲಿ ಹಾಕುತ್ತೀರಿ ಅಂತ ನಕ್ಷೆಯಲ್ಲಿ ತೋರಿಸಬೇಕು. ರಾತ್ರಿ ದೊಡ್ಡ ಲೈಟು ಹಾಕಬಾರದು. ಪಕ್ಕದ ಮನೆಯವರಾದ ನಮ್ಮನ್ನೂ ಕೇಳಿದರು, ಆಕ್ಷೇಪ ಉಂಟಾ ಅಂತ."

ನನ್ನ ಅಜ್ಜಿಯ ಮಾತು ನೆನಪಾಯಿತು. ಅಲ್ಲಿ ಹೊಲ ಬಿಟ್ಟ ಕುದುರೆ, ಇಲ್ಲಿ ಹೊಲ ಬಿಟ್ಟ ಕೋಣ. ಎರಡೂ ಒಂದು ಕಾಲದಲ್ಲಿ ದುಡಿದವು. ಈಗ ಪ್ರೀತಿಗೆ ಸಾಕುವವರು ಇದ್ದಾರೆ, ಕಾನೂನಿನ ಪುಸ್ತಕದಲ್ಲಿ ಮಾತ್ರ ಅವು ಯಾವ ಪಂಕ್ತಿಯಲ್ಲಿ ಕೂರಬೇಕು ಅಂತ ಗೊತ್ತಾಗುವುದಿಲ್ಲ. ಆದರೆ ಅವಳ ಮಾತಿನಲ್ಲಿ ನನ್ನನ್ನು ಚುಚ್ಚಿದ್ದು ಗೊಬ್ಬರದ ರಾಶಿ. ಪಕ್ಕದ ಮನೆಯವರನ್ನು ಕೇಳಿದರು ಅನ್ನುವ ಮಾತು.

ಯಾಕೆಂದರೆ ನಮ್ಮ ಬೈಲಿನಲ್ಲೂ ಒಂದು ಪಕ್ಕದ ಮನೆ ಉಂಟು. ಲೇಔಟಿನ ಮೊದಲನೆಯ ಮನೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ, ವಯಸ್ಸಾದ ತಾಯಿ, ಒಬ್ಬ ಸಣ್ಣ ಮಗ. ಹಟ್ಟಿಯ ವಾಸನೆ, ನೊಣ, ಸೊಳ್ಳೆ ಅಂತ ಆಕೆ ಒಂದು ಕಚೇರಿಗೆ ದೂರು ಕೊಟ್ಟಿದ್ದರು. ಯಾವ ಕಚೇರಿ ಅಂತ ಬೇಡ. ಅಲ್ಲಿಂದ ಒಬ್ಬರು ಬಂದು, "ಇದು ಹಳೆ ಹಟ್ಟಿಯ ರಿಪೇರಿಯಲ್ಲ, ಹೊಸ ಕಟ್ಟಡ. ಕಲ್ಲು ಇಡಬೇಡಿ" ಅಂತ ಹೇಳಿ ಹೋಗಿದ್ದರು. ಬರೆದು ಕೊಟ್ಟದ್ದು ಏನೂ ಇಲ್ಲ. ಮಾವ ನಾಲ್ಕು ತಿಂಗಳು ಟರ್ಪಾಲಿನಲ್ಲಿ ಕಳೆದದ್ದು ಅದಕ್ಕೇ. ನಮ್ಮ ಮನೆಯಲ್ಲಿ ಆ ಹೆಂಗಸಿನ ಹೆಸರು ಎತ್ತಿದರೆ ಅತ್ತೆಯ ಮುಖ ಕೆಂಪಾಗುತ್ತಿತ್ತು. "ಹಟ್ಟಿ ನೋಡಿಯೇ ಜಾಗ ತಗೊಂಡದ್ದಲ್ವಾ? ಕೋಣ ಮೊದಲಾ, ಅವಳು ಮೊದಲಾ?"

ಮರುದಿನ ಬೆಳಿಗ್ಗೆ ನಾನೊಬ್ಬಳೇ ಆ ಮನೆಗೆ ಹೋದೆ. ಜಗಳಕ್ಕೆ ಅಲ್ಲ. ಯಾಕೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಆಕೆ ಬಾಗಿಲು ತೆರೆದು, ಒಂದು ಕ್ಷಣ ನೋಡಿ, "ಕೋಣದವರಾ?" ಅಂದರು. ಹೌದು ಅಂದೆ. ಒಳಗೆ ಕರೆದರು. ಏನೂ ಮಾತಾಡದೆ ಹಿತ್ತಿಲಿಗೆ ಕರೆದುಕೊಂಡು ಹೋಗಿ ಬಾವಿ ತೋರಿಸಿದರು. ನೀರಿನ ಮೇಲೆ ಹಳದಿ ಪಾಚಿ. ಮಳೆಗಾಲದಲ್ಲಿ ನಮ್ಮ ಹಟ್ಟಿಯ ಸಗಣಿನೀರು, ಗಂಜಲ ಎಲ್ಲ ತೋಡಿಗೆ ಇಳಿದು, ತೋಡಿನಿಂದ ಅವರ ಬಾವಿಗೆ ಹೋಗಿತ್ತು. ಜೂನಿನಿಂದ ಅವರು ಕುಡಿಯುವ ನೀರು ಕ್ಯಾನಿನಲ್ಲಿ ತರಿಸುತ್ತಿದ್ದರು. "ನನಗೆ ಕೋಣದ ಮೇಲೆ ಸಿಟ್ಟಿಲ್ಲ. ಮಗ ದಿನಾ ಗೇಟಿನ ಹತ್ತಿರ ನಿಂತು ನೋಡುತ್ತಾನೆ. ಮೂರು ಸಲ ನಿಮ್ಮ ಮಾವನ ಹತ್ತಿರ ಹೇಳಿದೆ. ಅವರು ಹಟ್ಟಿನೀರಿನಿಂದ ಯಾರೂ ಸತ್ತಿಲ್ಲ ಅಂದರು. ಮತ್ತೆ ನಾನು ಎಲ್ಲಿಗೆ ಹೋಗಬೇಕು?"

ನನಗೆ ಉತ್ತರ ಇರಲಿಲ್ಲ.

ವಾಪಸು ಬಂದು ಮಾವನ ಹತ್ತಿರ ಬಾವಿಯ ವಿಷಯ ಹೇಳಿದೆ. ಮಾವ ಕುಟ್ಟಿಯ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ, "ಮೊದಲು ಆ ನೀರು ಗದ್ದೆಗೆ ಹೋಗುತ್ತಿತ್ತು. ಲೇಔಟಿನವರು ಮಣ್ಣು ತುಂಬಿಸಿದ ಮೇಲೆ ತೋಡಿಗೆ ತಿರುಗಿತು" ಅಂದರು. ಆಮೇಲೆ ತಾವೇ, "ಆದರೂ ಅವಳು ಹೇಳಿದಾಗ ನಾನು ಹೋಗಿ ನೋಡಬೇಕಿತ್ತು" ಅಂದರು. ಅರುವತ್ತೆಂಟು ವರ್ಷದಲ್ಲಿ ಮಾವ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನು ತಮ್ಮ. ಹಟ್ಟಿ ಇರುವುದು ರಸ್ತೆಬದಿಗೆ, ಲೆಕ್ಕದಲ್ಲಿ ಅದು ನಮ್ಮ ಪಾಲಿನ ಕಡೆ. ಇಪ್ಪತ್ತು ಸೆಂಟ್ಸ್ ಅಲ್ಲಿ ಬಿಡುವುದು ಅಂದರೆ ಒಳ್ಳೆಯ ಜಾಗ ಬಿಟ್ಟು, ಅದರ ಬದಲಿಗೆ ಮಾವನ ತಗ್ಗಿನ ಗದ್ದೆ ತಗೊಂಡ ಹಾಗೆ. ಫೋನಿನಲ್ಲಿ ಅವನು ಸ್ಪಷ್ಟ ಹೇಳಿದ. "ಅಕ್ಕ, ಕೋಣಕ್ಕೋಸ್ಕರ ರೋಡ್ ಸೈಡ್ ಬಿಡುವುದಾ? ಮಾವನಿಗೆ ಇನ್ನು ಎಷ್ಟು ವರ್ಷ ಕೋಣ ಸಾಕಲಿಕ್ಕೆ ಆಗ್ತದೆ?"

ಅವನ ಮಾತೂ ಸುಳ್ಳಲ್ಲ. ಅವನಿಗೆ ಮನೆಸಾಲ ಉಂಟು. ನನ್ನ ಮಗಳ ಕಾಲೇಜು ಫೀಸು ಉಂಟು. ಆ ಕಾಗದಕ್ಕೆ ಹಾಗೆಯೇ ಸಹಿ ಹಾಕಿದ್ದರೆ ಸಂಜೆ ಬಸ್ಸಿಗೆ ಪುತ್ತೂರು ಸೇರಬಹುದಿತ್ತು. ನಾನು ಅವನಿಗೆ ಬಾವಿಯ ಫೋಟೋ, ಟರ್ಪಾಲಿನ ಫೋಟೋ, ಕವರಿನ ಹಿಂದಿನ ಲೆಕ್ಕದ ಫೋಟೋ ಮೂರೂ ಕಳಿಸಿದೆ. "ಬೆಂಗಳೂರಿನಲ್ಲಿ ಆಫೀಸಿನವರಿಗೆ ತೋರಿಸಿದ್ದು ಇದೇ ಕೋಣವಲ್ಲವಾ" ಅಂತ ಕೆಳಗೆ ಬರೆದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಒಂದು ಸಾಲು ಬಂತು. "ಇಪ್ಪತ್ತು ಇರಲಿ. ಆದರೆ ಮಾವನ ಕಾಲದ ನಂತರ ಆ ಜಾಗ ನಮಗೆ ಅಂತ ಈಗಲೇ ಬರೆದು ಕೊಡಲಿ." ಮಾವನಿಗೆ ಓದಿ ಹೇಳಿದೆ. "ಬರೆದು ಕೊಡುವ. ನಾನು ಹೋದ ಮೇಲೆ ಕೋಣ ನನಗೆ ಯಾಕೆ?" ಅಂದರು. ಅತ್ತೆ ಒಳಗೆ ಎದ್ದು ಹೋದರು.

ಹೀಗೆ ಹಳೆಯ ಅರ್ಜಿ ಹರಿದು ಹೊಸತು ಆಯಿತು. ಮೊದಲು 11ಇ ನಕ್ಷೆ, ಪೋಡಿ ಮಾಡಿಸಿ 20 ಸೆಂಟ್ಸನ್ನು ಪ್ರತ್ಯೇಕ ಮಾಡುವುದು. ಆಮೇಲೆ ಉಳಿದ 52ಕ್ಕೆ ಮಾತ್ರ ಕನ್ವರ್ಶನ್ ಅರ್ಜಿ. ಹಟ್ಟಿಗೆ ನಕ್ಷೆ ಮಾಡಿ ಪಾಲಿಕೆಗೆ ಕೊಡುವುದು. ಆ ನಕ್ಷೆಯಲ್ಲಿ ಎಂಜಿನಿಯರ್ ಹತ್ತಿರ ಹೇಳಿ ಎರಡು ವಿಷಯ ಸೇರಿಸಿದೆವು. ಹಟ್ಟಿಯ ನೆಲದ ಇಳಿಜಾರು ತೋಡಿನ ಕಡೆಗಲ್ಲ, ಗದ್ದೆಯ ಕಡೆಗೆ. ಸಗಣಿಗೆ ಸಿಮೆಂಟಿನ ಗುಂಡಿ, ಅದರ ಪಕ್ಕ ಗೋಬರ್ ಗ್ಯಾಸ್, ಅದೂ ಬಾವಿಯಿಂದ ಅತಿ ದೂರದ ಮೂಲೆಯಲ್ಲಿ. ಕಾನೂನು ಕೇಳಿದೆಯೋ ಇಲ್ಲವೋ, ನಮ್ಮ ನಕ್ಷೆಯಲ್ಲಿ ಗೊಬ್ಬರದ ರಾಶಿ ಎಲ್ಲಿ ಅಂತ ಬರೆದಿದೆ.

ನಿಮ್ಮ ಮನೆಯಲ್ಲೂ ಇಂಥ ಜಾಗ ಇದ್ದರೆ ನನ್ನ ಅನುಭವದಿಂದ ಒಂದು ಕಿವಿಮಾತು. ಕನ್ವರ್ಶನ್ನಿಗೆ ಸಹಿ ಹಾಕುವ ಮೊದಲು ಹಟ್ಟಿ, ಗೊಬ್ಬರದ ಗುಂಡಿ, ಪಂಪ್‌ಶೆಡ್ ಯಾವುದೆಲ್ಲ ಉಳಿಯಬೇಕು ಅಂತ ಮೊದಲು ಕೂತು ತೀರ್ಮಾನ ಮಾಡಿ. ಉಳಿಯಬೇಕಾದ ಕಟ್ಟಡದ ಅಳತೆಯಿಂದ ಹಿಂದಕ್ಕೆ ಲೆಕ್ಕ ಹಾಕಿ, ಎಷ್ಟು ಸೆಂಟ್ಸ್ ಕೃಷಿಯಾಗಿ ಇಡಬೇಕು ಅಂತ ನೋಡಿ. ಬಾಯಿಮಾತಿನಲ್ಲಿ ಯಾರಾದರೂ ಬೇಡ ಅಂದರೆ, ಬರೆದು ಕೊಡಿ ಅಂತ ಕೇಳಿ. ಮತ್ತೆ ಪಕ್ಕದ ಮನೆಯ ಬಾವಿಗೆ ಒಂದು ಸಲ ಇಣುಕಿ ನೋಡಿ.

ಹೊರಡುವ ದಿನ ಸಂಜೆ ಮಾವ ಕಾಟಿ ಕುಟ್ಟಿಯರನ್ನು ಗದ್ದೆಗೆ ಇಳಿಸಿದರು. ಆ ಹುಡುಗ ಗೇಟಿನ ಹೊರಗೆ ಬಂದು ನಿಂತಿದ್ದ. ಮಾವ ಅವನನ್ನು ನೋಡಿ, ಸ್ವಲ್ಪ ತಡೆದು, "ಬಾ, ಹಗ್ಗ ಹಿಡಿ" ಅಂದರು. ಅವನ ತಾಯಿ ತಾರಸಿಯ ಮೇಲೆ ಬಟ್ಟೆ ತೆಗೆಯುತ್ತಾ ನೋಡಿದರು, ಬೇಡ ಅನ್ನಲಿಲ್ಲ, ನಗಲೂ ಇಲ್ಲ. ಬಾವಿ ಇನ್ನೂ ಸರಿಯಾಗಿಲ್ಲ. ತೊಳೆಸುವ ಖರ್ಚು ಮಾವ ಕೊಡುವುದು ಅಂತ ಮಾತಾಗಿದೆ.

ಅರ್ಜಿ ಕೊಟ್ಟಾಗಿದೆ. ಇದನ್ನು ಬರೆಯುವ ಹೊತ್ತಿಗೆ ಸರ್ವೆಯವರು ಬಂದಿಲ್ಲ, ಟರ್ಪಾಲು ಹಾಗೆಯೇ ಉಂಟು. ಮುಂದಿನ ಮಳೆಗಾಲದ ಒಳಗೆ ಗೋಡೆ ಏಳಬೇಕು. ಮಾವ ದಿನಾ ಬೆಳಿಗ್ಗೆ ಎದ್ದು ಹಟ್ಟಿಯ ಮೂಲೆಯಿಂದ ಗದ್ದೆಯ ಬದುವಿನ ತನಕ ಹೆಜ್ಜೆಯಲ್ಲಿ ಅಳೆಯುತ್ತಾರಂತೆ. ಅತ್ತೆ ಫೋನಿನಲ್ಲಿ ಹೇಳಿದರು, "ದಿನಾ ಅಳೆದರೆ ಸೆಂಟ್ಸ್ ಹೆಚ್ಚಾಗ್ತದಾ ಅಂತ ನೀನಾದರೂ ಕೇಳು ಮಾರಾಯ್ತಿ!"